220 ಮೆಗಾಹರ್ಟ್ಸ್ ಅಂತರ ಏಕೆ ಸಾಲಲಿಲ್ಲ: ವಿಮಾನದ ರೇಡಿಯೋ ಆಲ್ಟಿಮೀಟರ್, 5ಜಿ ಮತ್ತು ಫಿಲ್ಟರ್‌ಗಳ ಒಂದು ಪ್ರಕರಣ ಅಧ್ಯಯನ

2022ರ ಜನವರಿ 19ರಂದು ಏರ್ ಇಂಡಿಯಾ ಸಂಸ್ಥೆಯು ದೆಹಲಿಯಿಂದ ನ್ಯೂಯಾರ್ಕ್, ಷಿಕಾಗೋ ಮತ್ತು ಸ್ಯಾನ್ ಫ್ರಾನ್ಸಿಸ್ಕೋಗಳಿಗೂ ಮುಂಬೈಯಿಂದ ನೆವಾರ್ಕ್‌ಗೂ ಹೊರಡಬೇಕಿದ್ದ ವಿಮಾನಗಳನ್ನು ರದ್ದುಪಡಿಸಿತು. ಎಮಿರೇಟ್ಸ್ ಹಾಗೂ ಜಪಾನಿನ ಎರಡು ದೊಡ್ಡ ವಿಮಾನಯಾನ ಸಂಸ್ಥೆಗಳೂ ಅಮೆರಿಕಕ್ಕೆ ಹೋಗುವ ತಮ್ಮ ಕೆಲವು ಹಾರಾಟಗಳನ್ನು ನಿಲ್ಲಿಸಿದವು. ಅದೇ ದಿನ ಅಮೆರಿಕದಲ್ಲಿ ವೆರೈಝನ್ ಮತ್ತು ಎಟಿ ಅಂಡ್ ಟಿ ಕಂಪನಿಗಳು 3.7 ಗಿಗಾಹರ್ಟ್ಸ್‌ನಿಂದ ಮೇಲಿರುವ ಸಿ-ಬ್ಯಾಂಡ್ ಪಟ್ಟಿಯಲ್ಲಿ 5ಜಿ ಸೇವೆ ಆರಂಭಿಸುವುದಿತ್ತು. ಆ ಗೋಪುರಗಳಿಂದ ಹೊರಡುವ ಅಲೆಗಳು ನೆಲದಿಂದ ಎಷ್ಟು ಎತ್ತರದಲ್ಲಿದ್ದೇವೆಂದು ಅಳೆಯುವ ವಿಮಾನದ ರೇಡಿಯೋ ಆಲ್ಟಿಮೀಟರನ್ನು ದಾರಿ ತಪ್ಪಿಸಬಹುದೆಂಬ ಆತಂಕವೇ ರದ್ದತಿಗೆ ಕಾರಣವಾಗಿತ್ತು. ಬೋಯಿಂಗ್ 777 ವಿಮಾನಗಳಿಗೆ ಒಪ್ಪಿಗೆ ದೊರೆತ ಬಳಿಕ ಮರುದಿನದಿಂದ ಏರ್ ಇಂಡಿಯಾದ ಹಾರಾಟಗಳು ಪುನರಾರಂಭವಾದವು.

ಈ ಘಟನೆಯನ್ನು ಪತ್ರಿಕೆಗಳು ಎರಡು ಉದ್ಯಮಗಳ ಮತ್ತು ಎರಡು ಸರ್ಕಾರಿ ಸಂಸ್ಥೆಗಳ ಜಗಳವಾಗಿ ವರದಿ ಮಾಡಿದವು. ಆ ವರದಿಗಳಲ್ಲಿ ತಪ್ಪೇನೂ ಇಲ್ಲ. ಆದರೆ ಎಲೆಕ್ಟ್ರಾನಿಕ್ಸ್ ಓದುವವರಿಗೆ ಇದರೊಳಗೆ ಇನ್ನೂ ಮುಖ್ಯವಾದ ಒಂದು ಪಾಠವಿದೆ. 5ಜಿ ಪಟ್ಟಿ 3.98 ಗಿಗಾಹರ್ಟ್ಸ್‌ನಲ್ಲಿ ಮುಗಿಯುತ್ತದೆ. ಆಲ್ಟಿಮೀಟರಿನ ಪಟ್ಟಿ 4.2ರಿಂದ 4.4 ಗಿಗಾಹರ್ಟ್ಸ್‌ವರೆಗೆ ಇದೆ. ನಡುವೆ 220 ಮೆಗಾಹರ್ಟ್ಸ್ ಬಿಡುವು. ನಮ್ಮ ಎಫ್‌ಎಂ ರೇಡಿಯೋ ಪಟ್ಟಿ ಇಡಿಯಾಗಿ 88ರಿಂದ 108 ಮೆಗಾಹರ್ಟ್ಸ್‌ವರೆಗೆ, ಅಂದರೆ ಕೇವಲ 20 ಮೆಗಾಹರ್ಟ್ಸ್ ಅಗಲ. ಅಂಥ ಹನ್ನೊಂದು ಪಟ್ಟಿಗಳು ಹಿಡಿಸುವಷ್ಟು ಜಾಗವನ್ನು ಬಿಟ್ಟ ಮೇಲೂ ತೊಂದರೆಯೇಕೆ ಎಂಬ ಪ್ರಶ್ನೆ ಸಹಜವಾದುದು. ಬಿಡುವು ಎಷ್ಟು ಮೆಗಾಹರ್ಟ್ಸ್ ಎಂಬುದರಿಂದ ಮಾತ್ರ ಇದಕ್ಕೆ ಉತ್ತರ ದೊರೆಯುವುದಿಲ್ಲ. ಸ್ವೀಕರಿಸುವ ಉಪಕರಣದ ಬಾಗಿಲಲ್ಲಿ ಎಂಥ ಫಿಲ್ಟರ್ ಇದೆ, ಆ ಫಿಲ್ಟರ್ ಏನನ್ನು ಎಷ್ಟರಮಟ್ಟಿಗೆ ತಡೆಯಬೇಕೆಂದು ಯಾರಾದರೂ ಎಂದಾದರೂ ಬರೆದಿಟ್ಟಿದ್ದರೇ ಎಂಬುದರಲ್ಲಿ ಉತ್ತರವಿದೆ.

ಆಲ್ಟಿಮೀಟರ್ ಮಾಡುವ ಕೆಲಸ

ವಿಮಾನದಲ್ಲಿ ಎತ್ತರ ತಿಳಿಯಲು ವಾಯುಭಾರವನ್ನು ಅಳೆಯುವ ಉಪಕರಣವೊಂದು ಇದ್ದೇ ಇರುತ್ತದೆ. ಅದು ಸಮುದ್ರಮಟ್ಟದ ಲೆಕ್ಕದಲ್ಲಿ ಎತ್ತರ ಹೇಳುತ್ತದೆ. ಕಾಲಡಿಯ ನೆಲಕ್ಕೆ ಇನ್ನೆಷ್ಟು ಅಡಿ ಉಳಿದಿದೆ ಎಂಬುದನ್ನು ನೇರವಾಗಿ ಹೇಳುವುದು ರೇಡಿಯೋ ಆಲ್ಟಿಮೀಟರ್ ಒಂದೇ. ಸುಮಾರು 2,500 ಅಡಿಗಿಂತ ಕೆಳಗೆ ಇಳಿದಾಗ ಅದರ ಮಾತಿಗೆ ತೂಕ ಬರುತ್ತದೆ. ದಟ್ಟ ಮಂಜಿನಲ್ಲಿ ತಾನಾಗಿ ಇಳಿಯುವ ವ್ಯವಸ್ಥೆ, ನೆಲ ಹತ್ತಿರವಾಯಿತೆಂದು ಎಚ್ಚರಿಸುವ ವ್ಯವಸ್ಥೆ, ಎದುರು ವಿಮಾನಕ್ಕೆ ಡಿಕ್ಕಿಯಾಗದಂತೆ ನೋಡುವ ವ್ಯವಸ್ಥೆ, ಇವೆಲ್ಲವೂ ಅದನ್ನು ನಂಬಿವೆ.

ಆ ನಂಬಿಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2009ರ ಫೆಬ್ರವರಿ 25ರ ಆಮ್‌ಸ್ಟರ್‌ಡ್ಯಾಮ್ ದುರಂತ ಸಾಕ್ಷಿ. ಟರ್ಕಿಷ್ ಏರ್‌ಲೈನ್ಸ್‌ನ ಬೋಯಿಂಗ್ 737-800 ವಿಮಾನವು ಸುಮಾರು 1,950 ಅಡಿ ಎತ್ತರದಲ್ಲಿದ್ದಾಗ ಎಡಭಾಗದ ರೇಡಿಯೋ ಆಲ್ಟಿಮೀಟರ್ ಎತ್ತರವನ್ನು ಮೈನಸ್ 8 ಅಡಿ ಎಂದು ತೋರಿಸಿತು. ವಿಮಾನವು ನೆಲ ಮುಟ್ಟುವ ಹಂತದಲ್ಲಿದೆಯೆಂದು ತಿಳಿದ ಸ್ವಯಂಚಾಲಿತ ಥ್ರಾಟಲ್ ಎಂಜಿನ್ನಿನ ಶಕ್ತಿಯನ್ನು ತಗ್ಗಿಸಿತು. ವೇಗ ಕುಸಿದು ವಿಮಾನ ಹೊಲಕ್ಕೆ ಬಿದ್ದು ಒಂಬತ್ತು ಮಂದಿ ಸತ್ತರು. ಅಲ್ಲಿ ಹೊರಗಿನ ಅಲೆಗಳ ಅಡಚಣೆ ಇರಲಿಲ್ಲ, ಉಪಕರಣದ ದೋಷವಿತ್ತು. ಆದರೂ ಒಂದು ತಪ್ಪು ಓದಿಕೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ಕಂಡವರು 5ಜಿ ಕುರಿತ ಎಚ್ಚರಿಕೆಯನ್ನು ಅತಿಯೆಂದು ತಳ್ಳಿಹಾಕುವುದು ಕಷ್ಟ. 2022ರ ಜನವರಿಯಲ್ಲಿ ಬೋಯಿಂಗ್ 787 ಕುರಿತು ಅಮೆರಿಕದ ವಿಮಾನಯಾನ ಆಡಳಿತವಾದ ಎಫ್‌ಎಎ ಹೊರಡಿಸಿದ ಆದೇಶದಲ್ಲಿಯೂ ಇದೇ ಸರಪಳಿಯಿದೆ: ಅಡಚಣೆಯಿಂದಾಗಿ ಎಂಜಿನ್ ಮತ್ತು ಬ್ರೇಕ್ ವ್ಯವಸ್ಥೆಗಳು ಇಳಿಯುವ ಸ್ಥಿತಿಗೆ ಬದಲಾಗದೆ ಹೋಗಬಹುದು, ಒದ್ದೆ ಅಥವಾ ಹಿಮ ಕವಿದ ರನ್‌ವೇಯಲ್ಲಿ ವಿಮಾನ ನಿಲ್ಲದೆ ಮುಂದೆ ಜಾರಬಹುದು.

ಅಳೆಯುವ ಬಗೆ ಹೀಗಿದೆ. ಆಲ್ಟಿಮೀಟರ್ ನೆಲದತ್ತ ಕಳುಹಿಸುವ ಅಲೆಯ ಆವರ್ತನವನ್ನು ಒಂದೇ ಸಮನೆ ಏರಿಸುತ್ತಾ ಹೋಗುತ್ತದೆ. ನೆಲಕ್ಕೆ ಬಡಿದು ಮರಳುವ ಪ್ರತಿಧ್ವನಿ ಬಂದು ಸೇರುವಷ್ಟರಲ್ಲಿ ಕಳುಹಿಸುವ ಅಲೆ ಇನ್ನಷ್ಟು ಮೇಲಕ್ಕೆ ಹೋಗಿರುತ್ತದೆ. ಇವೆರಡರ ಆವರ್ತನಗಳ ವ್ಯತ್ಯಾಸವೇ ಎತ್ತರದ ಅಳತೆ. ಉದಾಹರಣೆಗೆ 10 ಮಿಲಿಸೆಕೆಂಡಿನಲ್ಲಿ 100 ಮೆಗಾಹರ್ಟ್ಸ್ ಏರುವ ಉಪಕರಣವೊಂದು 30 ಮೀಟರ್ ಎತ್ತರದಲ್ಲಿದೆ ಎನ್ನೋಣ. ಅಲೆ ಹೋಗಿಬರಲು 0.2 ಮೈಕ್ರೋಸೆಕೆಂಡ್ ಹಿಡಿಯುತ್ತದೆ, ವ್ಯತ್ಯಾಸ 2,000 ಹರ್ಟ್ಸ್ ಆಗುತ್ತದೆ. ಕಿವಿಗೆ ಕೇಳಿಸುವ ಶಿಳ್ಳೆಯಷ್ಟೇ ಆವರ್ತನದ ಈ ಸಂಕೇತದಿಂದ ಎತ್ತರ ಹೊರಡುತ್ತದೆ. ಕಳುಹಿಸುವ ಶಕ್ತಿ ಒಂದು ವ್ಯಾಟ್‌ನ ಒಳಗೆ. ಎತ್ತರದಲ್ಲಿರುವಾಗ ಮರಳಿ ಬರುವುದು ಒಂದು ನ್ಯಾನೋವ್ಯಾಟ್‌ಗಿಂತ ಎಷ್ಟೋ ಕಡಿಮೆ. ಇಷ್ಟು ಕ್ಷೀಣವಾದ ದನಿಗೆ ಕಿವಿಗೊಟ್ಟು ಕುಳಿತ ಉಪಕರಣದ ಪಕ್ಕದಲ್ಲಿ ಯಾರಾದರೂ ಕೂಗಿದರೆ ಏನಾಗುತ್ತದೆ ಎಂಬುದೇ ಈ ಪ್ರಕರಣದ ಪ್ರಶ್ನೆ.

ಪಟ್ಟಿ ಹಂಚಿಕೆಯಾದ ಬಗೆ

ದಶಕಗಳ ಕಾಲ ಆಲ್ಟಿಮೀಟರಿನ ಕೆಳಗಿನ ನೆರೆಮನೆಯಲ್ಲಿದ್ದದ್ದು ಉಪಗ್ರಹ. 3.7ರಿಂದ 4.2 ಗಿಗಾಹರ್ಟ್ಸ್‌ನಲ್ಲಿ ಉಪಗ್ರಹಗಳು ನೆಲದತ್ತ ಕಳುಹಿಸುತ್ತಿದ್ದ ಸಂಕೇತಗಳು ಅತಿ ದುರ್ಬಲ. ಅವುಗಳಿಂದ ಆಲ್ಟಿಮೀಟರಿಗೆ ಅಡಚಣೆಯಾಗುವ ಮಾತೇ ಇರಲಿಲ್ಲ. 1974ರಲ್ಲಿ ವಿಮಾನ ಉಪಕರಣಗಳ ಮಾನದಂಡ ರೂಪಿಸುವ ಅಮೆರಿಕದ ಆರ್‌ಟಿಸಿಎ ಸಂಸ್ಥೆ ಪ್ರಕಟಿಸಿದ ಡಿಒ-155 ಎಂಬ ಮಾನದಂಡದ ಮೇಲೆ ಈ ಉಪಕರಣಗಳು ತಲೆಮಾರುಗಳ ಕಾಲ ತಯಾರಾದವು. ತನ್ನ ಪಟ್ಟಿಯಲ್ಲಿ ಎಷ್ಟು ನಿಖರವಾಗಿ ಅಳೆಯಬೇಕೆಂಬುದಕ್ಕೆ ಅದರಲ್ಲಿ ಅಂಕಿಗಳಿದ್ದವು. ಕೆಳಗಿನ ಪಟ್ಟಿಯಲ್ಲಿ ಮುಂದೊಂದು ದಿನ ಬಲವಾದ ಗೋಪುರ ಬಂದರೆ ಎಷ್ಟನ್ನು ತಾಳಬೇಕೆಂಬುದಕ್ಕೆ ಇರಲಿಲ್ಲ. ಅಂದಿನ ಎಂಜಿನಿಯರುಗಳನ್ನು ಇದಕ್ಕಾಗಿ ದೂರುವುದು ಸರಿಯಲ್ಲ. ಇಲ್ಲದ ನೆರೆಯವನಿಗೆ ಗೋಡೆ ಕಟ್ಟಿದರೆ ಅದರ ತೂಕ, ಬೆಲೆ ಮತ್ತು ಸಂಕೇತದ ನಷ್ಟವನ್ನು ಪ್ರತಿ ವಿಮಾನವೂ ಹೊರಬೇಕಾಗುತ್ತಿತ್ತು.

2020ರಲ್ಲಿ ಅಮೆರಿಕದ ಸಂವಹನ ಆಯೋಗವಾದ ಎಫ್‌ಸಿಸಿ 3.7ರಿಂದ 3.98 ಗಿಗಾಹರ್ಟ್ಸ್ ಭಾಗವನ್ನು ಮೊಬೈಲ್ ಸೇವೆಗೆ ಬಿಟ್ಟುಕೊಡಲು ತೀರ್ಮಾನಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಆರ್‌ಟಿಸಿಎ ಅಪಾಯವಿದೆಯೆಂದು ವರದಿ ನೀಡಿತು. ಡಿಸೆಂಬರಿನಲ್ಲಿ ಹರಾಜು ಆರಂಭವಾಗಿ ಸುಮಾರು 8,100 ಕೋಟಿ ಡಾಲರ್ ಸಂಗ್ರಹವಾಯಿತು. ಸೇವೆ ಆರಂಭದ ದಿನ 2021ರ ಡಿಸೆಂಬರ್ 5ರಿಂದ 2022ರ ಜನವರಿ 5ಕ್ಕೆ, ಅಲ್ಲಿಂದ ಜನವರಿ 19ಕ್ಕೆ ಮುಂದೂಡಲ್ಪಟ್ಟಿತು. ಎಫ್‌ಸಿಸಿಯ ಮಿತಿಯಂತೆ ನಗರ ಪ್ರದೇಶದ ಗೋಪುರವು ಪ್ರತಿ ಮೆಗಾಹರ್ಟ್ಸ್‌ಗೆ 1,640 ವ್ಯಾಟ್‌ಗೆ ಸಮನಾದ ವಿಕಿರಣ ಹೊರಸೂಸಬಹುದು, ಹಳ್ಳಿಗಾಡಿನಲ್ಲಿ ಅದರ ಎರಡರಷ್ಟು. ಆಂಟೆನಾ ಒಂದೇ ದಿಕ್ಕಿಗೆ ಶಕ್ತಿಯನ್ನು ಕೂಡಿಸುವುದರಿಂದ ಈ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ; ಗೋಪುರ ನಿಜವಾಗಿ ಎಳೆದುಕೊಳ್ಳುವ ವಿದ್ಯುತ್ತು ಅಷ್ಟಿರುವುದಿಲ್ಲ.

ನಗರದ ಮಿತಿಯನ್ನೇ ಹಿಡಿದು ಒಂದು ಲೆಕ್ಕ ಮಾಡಬಹುದು. 100 ಮೆಗಾಹರ್ಟ್ಸ್ ಅಗಲದ ಸಂಕೇತವಾದರೆ ಒಟ್ಟು 164 ಕಿಲೋವ್ಯಾಟ್‌ಗೆ ಸಮ. 500 ಮೀಟರ್ ದೂರದಲ್ಲಿ, ಕಿರಣದ ನೇರ ದಾರಿಯಲ್ಲಿ, ಯಾವ ದಿಕ್ಕಿಗೂ ಪಕ್ಷಪಾತ ಮಾಡದ ಸಾಧಾರಣ ಆಂಟೆನಾಗೆ ಸಿಗುವ ಶಕ್ತಿ ಸುಮಾರು 25 ಮೈಕ್ರೋವ್ಯಾಟ್. ಗೋಪುರದ ಕಿರಣ ಮೇಲಕ್ಕೆ ನೋಡುವುದಿಲ್ಲ, ಆಲ್ಟಿಮೀಟರಿನ ಆಂಟೆನಾ ಪಕ್ಕಕ್ಕೆ ನೋಡುವುದಿಲ್ಲ. ಆದುದರಿಂದ ವಾಸ್ತವದಲ್ಲಿ ಇದಕ್ಕಿಂತ ಬಹಳ ಕಡಿಮೆಯೇ ಬರುತ್ತದೆ, ಮತ್ತು ದೂರಸಂಪರ್ಕ ಕಂಪನಿಗಳು ಈ ಅಂಶವನ್ನು ಒತ್ತಿ ಹೇಳಿದ್ದು ನ್ಯಾಯವೇ ಆಗಿತ್ತು. ಆದರೆ ಇಳಿಯುವ ವಿಮಾನದ ಸುರಕ್ಷತೆಯ ಲೆಕ್ಕ ಹಾಕುವವರು ಅತಿ ಕೆಟ್ಟ ಸಂದರ್ಭದಿಂದ ಆರಂಭಿಸುತ್ತಾರೆ. ನ್ಯಾನೋವ್ಯಾಟ್‌ಗಿಂತ ಕೆಳಗಿನ ಪ್ರತಿಧ್ವನಿಯ ಎದುರು 25 ಮೈಕ್ರೋವ್ಯಾಟ್ ಎಂದರೆ ಹತ್ತಾರು ಸಾವಿರಪಟ್ಟು ಮೀರಿದ ಕೂಗು.

ಫಿಲ್ಟರ್ ಹೇಗೆ ಆರಿಸುತ್ತದೆ

ತಂಬೂರಿಯ ನಡುವಿನ ಎರಡು ಸಾರಣಿ ತಂತಿಗಳನ್ನು ಒಂದೇ ಷಡ್ಜಕ್ಕೆ ಶ್ರುತಿ ಮಾಡಿ ಒಂದನ್ನು ಮೀಟಿದರೆ ಇನ್ನೊಂದೂ ತಾನಾಗಿ ಮಿಡಿಯುತ್ತದೆ. ಶ್ರುತಿ ತುಸು ಸರಿದರೆ ಸುಮ್ಮನಿರುತ್ತದೆ. ಫಿಲ್ಟರಿನ ಮೂಲದಲ್ಲಿ ಇರುವುದು ಈ ಅನುರಣನವೇ. ಇಂಡಕ್ಟರ್ ಮತ್ತು ಕೆಪಾಸಿಟರ್ ಜೋಡಿ ತನ್ನದೇ ಆವರ್ತನದಲ್ಲಿ ಶಕ್ತಿಯನ್ನು ಪರಸ್ಪರ ಕೈಬದಲಿಸಿಕೊಳ್ಳುತ್ತದೆ; ಆ ಆವರ್ತನದ ಸಂಕೇತವನ್ನು ಮುಂದಕ್ಕೆ ಬಿಡುತ್ತದೆ, ಉಳಿದುದನ್ನು ಬಂದ ದಾರಿಗೇ ಹಿಂದಿರುಗಿಸುತ್ತದೆ. ಇಂಥ ಫಿಲ್ಟರ್ ತಡೆದ ಶಕ್ತಿ ಒಳಗೆ ಕರಗಿಹೋಗುತ್ತದೆಂದು ಅನೇಕರು ತಿಳಿಯುತ್ತಾರೆ, ಆದರೆ ಬಹುಪಾಲು ಪ್ರತಿಫಲಿಸಿ ಮರಳುತ್ತದೆ. ಗಿಗಾಹರ್ಟ್ಸ್ ಮಟ್ಟದಲ್ಲಿ ಸುರುಳಿ ಸುತ್ತುವ ಬದಲು ಬೆಳ್ಳಿ ಲೇಪಿಸಿದ ಸೆರಾಮಿಕ್ ತುಂಡುಗಳನ್ನೋ ಲೋಹದ ಪುಟ್ಟ ಕುಹರಗಳನ್ನೋ ಅನುರಣಕಗಳಾಗಿ ಬಳಸುತ್ತಾರೆ.

ಒಂದೇ ಅನುರಣಕದ ಫಿಲ್ಟರಿನ ವಕ್ರರೇಖೆ ಗೋಪುರದಂತೆ ತುದಿ ಚೂಪಾಗಿ, ಬುಡ ಅಗಲವಾಗಿ ಇರುತ್ತದೆ. ಬೇಕಾದ 200 ಮೆಗಾಹರ್ಟ್ಸ್ ಉದ್ದಕ್ಕೂ ಸಮತಟ್ಟಾಗಿದ್ದು ಅಂಚಿನಲ್ಲಿ ಕಡಿದಾಗಿ ಇಳಿಯಬೇಕಾದರೆ ಹಲವು ಅನುರಣಕಗಳನ್ನು ಸಾಲಾಗಿ ಜೋಡಿಸಬೇಕು. 1915ರಲ್ಲಿ ಅಮೆರಿಕದಲ್ಲಿ ಜಾರ್ಜ್ ಕ್ಯಾಂಪ್‌ಬೆಲ್ ಮತ್ತು ಜರ್ಮನಿಯಲ್ಲಿ ಕಾರ್ಲ್ ವಿಲ್ಲಿ ವಾಗ್ನರ್ ಒಬ್ಬರಿಗೊಬ್ಬರು ತಿಳಿಯದೆ ಕಂಡುಕೊಂಡ ಮಾರ್ಗವಿದು. ಜೋಡಿಸುವ ಅನುಪಾತವನ್ನು ಬದಲಿಸಿದರೆ ರೇಖೆಯ ಸ್ವಭಾವ ಬದಲಾಗುತ್ತದೆ. 1930ರಲ್ಲಿ ಬಟರ್‌ವರ್ತ್ ತೋರಿಸಿದ ಅನುಪಾತದಲ್ಲಿ ಒಳಭಾಗ ಅತ್ಯಂತ ಸಮತಟ್ಟು. ಚೆಬಿಶೆವ್ ಬಹುಪದಿಗಳನ್ನು ಅನುಸರಿಸಿದರೆ ಒಳಭಾಗದಲ್ಲಿ ಸಣ್ಣ ಏರಿಳಿತವನ್ನು ಸಹಿಸಿಕೊಂಡು ಅಂಚಿನ ಇಳಿಜಾರನ್ನು ಕಡಿದಾಗಿಸಬಹುದು.

ವಿವರಪತ್ರದಲ್ಲಿ ಬರೆಯುವ ಮಾತುಗಳು ಈ ರೇಖೆಯಿಂದಲೇ ಹುಟ್ಟುತ್ತವೆ. ಸಂಕೇತ ಹಾದುಹೋಗುವ ಭಾಗ ಪಾಸ್‌ಬ್ಯಾಂಡ್. ಅದರೊಳಗೂ ಆಗುವ ಅನಿವಾರ್ಯ ನಷ್ಟ ಇನ್ಸರ್ಷನ್ ಲಾಸ್. ಅಲ್ಲಿಯ ಏರಿಳಿತ ರಿಪಲ್. ತಡೆಯುವ ಭಾಗ ಸ್ಟಾಪ್‌ಬ್ಯಾಂಡ್, ಅಲ್ಲಿ ಎಷ್ಟು ಡೆಸಿಬೆಲ್ ತಡೆಯುತ್ತದೆ ಎಂಬುದು ರಿಜೆಕ್ಷನ್. 3 ಡೆಸಿಬೆಲ್ ಎಂದರೆ ಅರ್ಧ, 10 ಎಂದರೆ ಹತ್ತರಲ್ಲೊಂದು, 60 ಎಂದರೆ ಹತ್ತು ಲಕ್ಷದಲ್ಲೊಂದು ಪಾಲು ಶಕ್ತಿ ಉಳಿಯುತ್ತದೆ. ಈ ಎರಡು ಪಟ್ಟಿಗಳ ನಡುವಿನ ಇಳಿಜಾರಿಗೆ ಎಷ್ಟು ಜಾಗವಿದೆ ಎಂಬುದರ ಮೇಲೆ ಎಷ್ಟು ಅನುರಣಕ ಬೇಕೆಂಬುದು ನಿರ್ಧಾರವಾಗುತ್ತದೆ. ತಡೆಯ ಅಂಕಿಯನ್ನು ಆವರ್ತನದೊಂದಿಗೆ ಸೇರಿಸಿ ಬರೆಯದಿದ್ದರೆ ಅದಕ್ಕೆ ಅರ್ಥವಿಲ್ಲ. "60 ಡೆಸಿಬೆಲ್ ತಡೆ" ಎಂದಷ್ಟೇ ಬರೆದ ವಿವರಪತ್ರ ನನ್ನ ಕಣ್ಣಿಗೆ ಅಪೂರ್ಣ, "3.98 ಗಿಗಾಹರ್ಟ್ಸ್ ಮತ್ತು ಅದಕ್ಕಿಂತ ಕೆಳಗೆ 60 ಡೆಸಿಬೆಲ್" ಎಂಬುದು ಪೂರ್ಣ.

ಒಂದು ಸ್ಥಾಯಿಗೆ 24 ಡೆಸಿಬೆಲ್

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2014ರಲ್ಲಿ ಎಂ.2059 ಎಂಬ ಶಿಫಾರಸಿನಲ್ಲಿ ಬಳಕೆಯಲ್ಲಿರುವ ಆಲ್ಟಿಮೀಟರುಗಳ ಗುಣಲಕ್ಷಣಗಳನ್ನು ದಾಖಲಿಸಿತು. ಅದರಲ್ಲಿ ಸ್ವೀಕಾರ ಭಾಗದ ಆಯ್ಕೆ ಶಕ್ತಿಯನ್ನು ಪಟ್ಟಿಯ ಅಂಚಿನಿಂದ ಹೊರಗೆ ಪ್ರತಿ ಆಕ್ಟೇವ್‌ಗೆ 24 ಡೆಸಿಬೆಲ್, ಗರಿಷ್ಠ 40 ಡೆಸಿಬೆಲ್ ಎಂದು ಕೊಡಲಾಗಿದೆ. ಮೇಲುನೋಟಕ್ಕೆ ಭದ್ರವಾಗಿ ಕಾಣುವ ಸಂಖ್ಯೆ ಇದು. 24 ಡೆಸಿಬೆಲ್ ಎಂದರೆ ಇನ್ನೂರೈವತ್ತರಲ್ಲಿ ಒಂದು ಪಾಲು.

ಆಕ್ಟೇವ್ ಎಂದರೆ ನಮ್ಮ ಸಂಗೀತದ ಸ್ಥಾಯಿ. ಮಂದ್ರ ಷಡ್ಜದಿಂದ ಮಧ್ಯ ಷಡ್ಜಕ್ಕೆ ಬಂದಾಗ ಆವರ್ತನ ಎರಡು ಪಟ್ಟಾಗುತ್ತದೆ. 4.2 ಗಿಗಾಹರ್ಟ್ಸ್‌ನಿಂದ ಒಂದು ಸ್ಥಾಯಿ ಕೆಳಗೆ ಇಳಿದರೆ 2.1 ಗಿಗಾಹರ್ಟ್ಸ್. 24 ಡೆಸಿಬೆಲ್ ತಡೆ ಸಿಗುವುದು ಅಲ್ಲಿ. 3.98 ಗಿಗಾಹರ್ಟ್ಸ್ ಎಷ್ಟು ಕೆಳಗಿದೆ? 4.2ನ್ನು 3.98ರಿಂದ ಭಾಗಿಸಿದರೆ 1.055. ಷಡ್ಜಕ್ಕೂ ಶುದ್ಧ ರಿಷಭಕ್ಕೂ ಇರುವ ಅನುಪಾತ 16/15, ಅಂದರೆ 1.067. ಹನ್ನೆರಡು ಸ್ವರಸ್ಥಾನಗಳಲ್ಲಿ ಒಂದು ಹೆಜ್ಜೆಯೂ ಆಗದಷ್ಟು ಹತ್ತಿರದಲ್ಲಿ 5ಜಿ ಪಟ್ಟಿಯ ಅಂಚು ಬಂದು ನಿಂತಿದೆ. ಲೆಕ್ಕ ಹಾಕಿದರೆ 0.078 ಸ್ಥಾಯಿ, ಅದಕ್ಕೆ 24 ಡೆಸಿಬೆಲ್ ಇಳಿಜಾರಿನಿಂದ ದೊರೆಯುವ ತಡೆ 1.9 ಡೆಸಿಬೆಲ್. ಪಟ್ಟಿಯ ಕೆಳತುದಿಯಾದ 3.7 ಗಿಗಾಹರ್ಟ್ಸ್‌ನಲ್ಲಿಯೂ 4.4 ಡೆಸಿಬೆಲ್ ಮಾತ್ರ. ಬಾಗಿಲಿಗೆ ಬಂದ 25 ಮೈಕ್ರೋವ್ಯಾಟ್‌ನಲ್ಲಿ 16 ಮೈಕ್ರೋವ್ಯಾಟ್ ಒಳಗೆ ಹೋಗಿಯೇ ಬಿಡುತ್ತದೆ.

ಇಡೀ ಪ್ರಕರಣದ ಗಂಟು ಇರುವುದು ಇಲ್ಲಿ. 220 ಎಂಬ ಸಂಖ್ಯೆಯನ್ನು ಒಂದು ಪಕ್ಷ ಮೆಗಾಹರ್ಟ್ಸ್‌ನಲ್ಲಿ ಓದಿತು, ಹಳೆಯ ಉಪಕರಣ ಅದನ್ನು ಸ್ಥಾಯಿಯಲ್ಲಿ ಓದುತ್ತಿತ್ತು. ಒಳಗೆ ನುಗ್ಗಿದ ಶಕ್ತಿ ಮೊದಲ ಆಂಪ್ಲಿಫೈಯರನ್ನು ಅದರ ಸಾಮರ್ಥ್ಯದ ಅಂಚಿಗೆ ತಳ್ಳುತ್ತದೆ. ಅಲ್ಲಿ ಆಂಪ್ಲಿಫೈಯರ್ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸುವ ಗುಣವನ್ನು ಕಳೆದುಕೊಳ್ಳುತ್ತದೆ, ಕ್ಷೀಣವಾದ ಪ್ರತಿಧ್ವನಿ ಅದುಮಲ್ಪಡುತ್ತದೆ. ಮುಂದಿನ ಹಂತದ ಶಿಳ್ಳೆ ಆವರ್ತನದ ಫಿಲ್ಟರ್ ಎಷ್ಟೇ ಚೆನ್ನಾಗಿದ್ದರೂ ಅಷ್ಟರಲ್ಲಿ ಹಾನಿ ಆಗಿಹೋಗಿರುತ್ತದೆ. ಆದುದರಿಂದ ಫಿಲ್ಟರ್ ಆಂಪ್ಲಿಫೈಯರಿಗಿಂತ ಮೊದಲೇ ಇರಬೇಕು.

ಐದು ಅನುರಣಕಗಳ ಫಿಲ್ಟರ್ ಮತ್ತು ಅದರ ಬೆಲೆ

ಹಾಗಾದರೆ ಎಂಥ ಫಿಲ್ಟರ್ ಬೇಕು? 4.2ರಿಂದ 4.4 ಗಿಗಾಹರ್ಟ್ಸ್ ಪಾಸ್‌ಬ್ಯಾಂಡ್, 0.1 ಡೆಸಿಬೆಲ್ ರಿಪಲ್ ಇರುವ ಚೆಬಿಶೆವ್ ವಿನ್ಯಾಸವನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದರೆ, ಮೂರು ಅನುರಣಕಗಳಿಗೆ 3.98 ಗಿಗಾಹರ್ಟ್ಸ್‌ನಲ್ಲಿ 26 ಡೆಸಿಬೆಲ್ ತಡೆ ಬರುತ್ತದೆ, ನಾಲ್ಕಕ್ಕೆ 43, ಐದಕ್ಕೆ 59. ಐದು ಅನುರಣಕಗಳ ಬಟರ್‌ವರ್ತ್ ವಿನ್ಯಾಸ 52 ಡೆಸಿಬೆಲ್ ಕೊಡುತ್ತದೆ, ಆದರೆ ಪಟ್ಟಿಯ ಎರಡು ಅಂಚುಗಳಲ್ಲಿ ಅರ್ಧ ಶಕ್ತಿಯನ್ನು ಕಳೆಯುತ್ತದೆ. ಅದೇ ಐದು ತುಂಡುಗಳಿಂದ ಚೆಬಿಶೆವ್ ಹೆಚ್ಚು ಕೆಲಸ ಮಾಡಿಸುತ್ತದೆ. 59 ಡೆಸಿಬೆಲ್ ಎಂದರೆ ಸುಮಾರು ಏಳೂವರೆ ಲಕ್ಷದಲ್ಲಿ ಒಂದು ಪಾಲು; 25 ಮೈಕ್ರೋವ್ಯಾಟ್ ಇಳಿದು 33 ಪಿಕೋವ್ಯಾಟ್ ಆಗುತ್ತದೆ. ಆಂಪ್ಲಿಫೈಯರ್ ನಿಶ್ಚಿಂತೆಯಿಂದ ಇರಬಹುದು.

ಬೆರಳುದ್ದದ ಇಂಥ ಫಿಲ್ಟರನ್ನು ವೆಕ್ಟರ್ ನೆಟ್‌ವರ್ಕ್ ಅನಲೈಸರಿಗೆ ಜೋಡಿಸಿ ಶ್ರುತಿ ಮಾಡುವುದನ್ನು ಪಕ್ಕದಲ್ಲಿ ಕುಳಿತು ನೋಡಬೇಕು. ಪರದೆಯ ಮೇಲೆ ಎರಡು ರೇಖೆಗಳಿರುತ್ತವೆ. ಹಾದುಹೋದುದನ್ನು ತೋರಿಸುವ ರೇಖೆ ಮೇಜಿನ ಹಲಗೆಯಂತೆ ಸಪಾಟಾಗುತ್ತಾ ಬರುತ್ತದೆ. ಮರಳಿ ಬಂದುದನ್ನು ತೋರಿಸುವ ರೇಖೆಯಲ್ಲಿ, ಎಲ್ಲ ತಿರುಪುಗಳೂ ಸರಿಹೋದಾಗ, ಐದು ಅನುರಣಕಗಳಿಗೆ ಐದು ಆಳವಾದ ತಗ್ಗುಗಳು ಕಾಣಿಸಿಕೊಳ್ಳುತ್ತವೆ. ಕಾಲು ಸುತ್ತು ತಿರುಪು ಹೆಚ್ಚಾದರೆ ಎರಡು ತಗ್ಗುಗಳು ಒಂದರೊಳಗೊಂದು ಕರಗಿ ಮಾಯವಾಗುತ್ತವೆ. ತಗ್ಗುಗಳ ನಡುವಿನ ದಿಬ್ಬಗಳೆಲ್ಲ ಮೈನಸ್ 16 ಡೆಸಿಬೆಲ್ ಗೆರೆಗೆ ಬಂದು ನಿಂತರೆ 0.1 ಡೆಸಿಬೆಲ್ ರಿಪಲ್ ಸಿಕ್ಕಿತೆಂದು ಅರ್ಥ. ಏಕೆಂದರೆ ಬಂದುದರಲ್ಲಿ ನೂರಕ್ಕೆ ಎರಡು ಪಾಲಿಗಿಂತ ತುಸು ಹೆಚ್ಚು ಮಾತ್ರ ಹಿಂದಿರುಗುತ್ತಿದೆ. ಇದನ್ನೇ ವಿವರಪತ್ರ ರಿಟರ್ನ್ ಲಾಸ್ ಎನ್ನುತ್ತದೆ.

ಇನ್ನು ಬೆಲೆಯ ಮಾತು. ಹಣದ ಬೆಲೆಗಿಂತ ಮೊದಲು ಸಂಕೇತದ ಬೆಲೆ. ಅನುರಣಕ ಎಷ್ಟು ಹೊತ್ತು ಶಕ್ತಿಯನ್ನು ಸೋರಗೊಡದೆ ಹಿಡಿದಿಟ್ಟುಕೊಳ್ಳುತ್ತದೆ ಎಂಬುದರ ಅಳತೆ ಅದರ ಕ್ಯೂ ಮೌಲ್ಯ. ಮೇಲಿನ ವಿನ್ಯಾಸಕ್ಕೆ ಕ್ಯೂ 500 ಇದ್ದರೆ ಪಟ್ಟಿಯ ನಡುವಿನಲ್ಲಿ ನಷ್ಟ ಸುಮಾರು 1.3 ಡೆಸಿಬೆಲ್; ಅಂದರೆ ಬೇಕಾದ ಪ್ರತಿಧ್ವನಿಯಲ್ಲೇ ಕಾಲು ಭಾಗ ಹೋಗುತ್ತದೆ. ಕ್ಯೂ 2,000 ಇದ್ದರೆ ನಷ್ಟ 0.33 ಡೆಸಿಬೆಲ್‌ಗೆ ಇಳಿಯುತ್ತದೆ, ಆದರೆ ಅನುರಣಕದ ಗಾತ್ರ ದೊಡ್ಡದಾಗುತ್ತದೆ. ಅಂಚಿಗೆ ಹೋದಂತೆ ನಷ್ಟ ಇನ್ನೂ ಹೆಚ್ಚು.

ಎರಡನೆಯದು ಈ ಪ್ರಕರಣಕ್ಕೆ ವಿಶಿಷ್ಟವಾದುದು, ಮತ್ತು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು. ಫಿಲ್ಟರ್ ಸಂಕೇತವನ್ನು ತುಸು ಹೊತ್ತು ತನ್ನೊಳಗೆ ಇಟ್ಟುಕೊಂಡು ಬಿಡುತ್ತದೆ; ಅದನ್ನು ಗ್ರೂಪ್ ಡಿಲೇ ಎನ್ನುತ್ತಾರೆ. ಐದು ಅನುರಣಕಗಳ ಈ ಫಿಲ್ಟರಿನಲ್ಲಿ ಪಟ್ಟಿಯ ನಡುವೆ ಆ ವಿಳಂಬ 5.6 ನ್ಯಾನೋಸೆಕೆಂಡ್. ಬೇರೆ ರೇಡಿಯೋಗಳಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಷ್ಟು ಅಲ್ಪ. ಆದರೆ ಆಲ್ಟಿಮೀಟರ್ ಅಳೆಯುವುದೇ ವಿಳಂಬವನ್ನು. ಬೆಳಕಿನ ವೇಗದಲ್ಲಿ 5.6 ನ್ಯಾನೋಸೆಕೆಂಡ್ ಎಂದರೆ ಹೋಗಿಬರುವ ದಾರಿಯಲ್ಲಿ 1.67 ಮೀಟರ್, ಎತ್ತರದ ಲೆಕ್ಕದಲ್ಲಿ 84 ಸೆಂಟಿಮೀಟರ್, ಸುಮಾರು ಎರಡೂ ಮುಕ್ಕಾಲು ಅಡಿ. ಆಂಟೆನಾದ ಕೇಬಲಿಗೆ ಸುಮ್ಮನೆ ಒಂದು ಫಿಲ್ಟರ್ ಸಿಕ್ಕಿಸಿದರೆ ನೆಲ ಮುಟ್ಟಿ ನಿಂತ ವಿಮಾನವೂ ತಾನು ಇನ್ನೂ ಎರಡೂ ಮುಕ್ಕಾಲು ಅಡಿ ಮೇಲಿದ್ದೇನೆಂದು ಹೇಳುತ್ತದೆ. ಕೇಬಲಿನ ಉದ್ದದಿಂದಾಗುವ ವಿಳಂಬವನ್ನು ಆಲ್ಟಿಮೀಟರಿನಲ್ಲಿ ಕಳೆದು ಲೆಕ್ಕ ಮಾಡುವ ವ್ಯವಸ್ಥೆ ಮೊದಲಿನಿಂದಲೂ ಇದೆ. ಫಿಲ್ಟರಿನ ವಿಳಂಬವನ್ನೂ ಅದರೊಳಗೆ ಹೊಂದಿಸಬೇಕಾಗುತ್ತದೆ. ಸ್ಥಿರವಾದ ವಿಳಂಬವನ್ನು ಕಳೆಯಬಹುದು. ಆದರೆ ಪಟ್ಟಿಯ ನಡುವಿಗಿಂತ ಅಂಚಿನಲ್ಲಿ ವಿಳಂಬ ಹೆಚ್ಚು, ಮತ್ತು ಆಲ್ಟಿಮೀಟರ್ ಪಟ್ಟಿಯುದ್ದಕ್ಕೂ ಆವರ್ತನವನ್ನು ಓಡಿಸುತ್ತದೆ; ಆದುದರಿಂದ ವಿಳಂಬದ ಏರುಪೇರನ್ನೂ ಮಿತಿಯಲ್ಲಿಡಬೇಕೆಂದು ವಿವರಪತ್ರದಲ್ಲಿ ಬರೆಯಲೇಬೇಕು.

ಮೂರನೆಯದು ಚಳಿ. ಅಲ್ಯೂಮಿನಿಯಂ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 23 ಪಾಲು ಕುಗ್ಗುತ್ತದೆ. ಅದರಲ್ಲಿ ಮಾಡಿದ ಕುಹರ 20 ಡಿಗ್ರಿಯಿಂದ ಮೈನಸ್ 55 ಡಿಗ್ರಿಗೆ ಹೋದರೆ ಅದರ ಶ್ರುತಿ ಸುಮಾರು 7 ಮೆಗಾಹರ್ಟ್ಸ್ ಮೇಲಕ್ಕೆ ಸರಿಯುತ್ತದೆ. ಅದನ್ನು ತಾಳಲು ಪಾಸ್‌ಬ್ಯಾಂಡನ್ನು ಮೊದಲೇ ಅಗಲವಾಗಿಸಿದರೆ ಇಳಿಜಾರಿನ ಜಾಗ ಕಡಿಮೆಯಾಗಿ 59 ಡೆಸಿಬೆಲ್‌ನಲ್ಲಿ ಒಂದಷ್ಟು ಹೋಗುತ್ತದೆ.

ಫಿಲ್ಟರ್ ತಡೆಯಲಾರದ ಭಾಗ

ಮೇಲಿನದೆಲ್ಲ 5ಜಿ ತನ್ನ ಪಟ್ಟಿಯಲ್ಲೇ ಇದ್ದು ಜೋರಾಗಿ ಮಾತಾಡುವಾಗಿನ ಕಥೆ. ಪ್ರತಿ ಟ್ರಾನ್ಸ್‌ಮಿಟರೂ ತನ್ನ ಪಟ್ಟಿಯ ಆಚೆಗೆ ಅಲ್ಪಸ್ವಲ್ಪ ಚೆಲ್ಲುತ್ತದೆ. ಹಾಗೆ ಚೆಲ್ಲಿದುದು 4.2ರಿಂದ 4.4 ಗಿಗಾಹರ್ಟ್ಸ್ ಒಳಗೇ ಬಿದ್ದರೆ ಆಲ್ಟಿಮೀಟರಿನ ಫಿಲ್ಟರ್ ಅದನ್ನು ತನ್ನದೇ ಸಂಕೇತವೆಂದು ಸ್ವಾಗತಿಸುತ್ತದೆ. ಅಲ್ಲಿ ವಿಮಾನದ ಕಡೆಯಿಂದ ಮಾಡುವಂತಹದು ಏನೂ ಇಲ್ಲ. ಫಿಲ್ಟರ್ ಇರಬೇಕಾದದ್ದು ಗೋಪುರದ ಮೇಲೆ. ಎಫ್‌ಸಿಸಿಯ ಸಾಮಾನ್ಯ ಮಿತಿ ಪ್ರತಿ ಮೆಗಾಹರ್ಟ್ಸ್‌ಗೆ ಮೈನಸ್ 13 ಡಿಬಿಎಂ (ಒಂದು ಮಿಲಿವ್ಯಾಟ್ ಶಕ್ತಿಗೆ ಹೋಲಿಸಿ ಹೇಳುವ ಡೆಸಿಬೆಲ್). ಬಳಿಕ ಕಂಪನಿಗಳು ಆಲ್ಟಿಮೀಟರ್ ಪಟ್ಟಿಯಲ್ಲಿ ಮೈನಸ್ 48 ಡಿಬಿಎಂ ಮಟ್ಟವನ್ನು ಕಾಯ್ದುಕೊಳ್ಳಲು ಒಪ್ಪಿಕೊಂಡವು. ಈ ಎರಡರ ನಡುವಿನ ವ್ಯತ್ಯಾಸ 35 ಡೆಸಿಬೆಲ್, ಅಂದರೆ ಮೂರು ಸಾವಿರಪಟ್ಟಿಗಿಂತ ಹೆಚ್ಚು. ವಾದವಿವಾದಗಳಲ್ಲಿ ಈ ಎರಡು ಬಗೆಯ ಅಡಚಣೆಗಳನ್ನು ಬೆರೆಸಿ ಮಾತಾಡಿದ್ದರಿಂದಲೇ ಎಷ್ಟೋ ಗೊಂದಲ ಹುಟ್ಟಿತು. ಒಂದಕ್ಕೆ ಮದ್ದು ವಿಮಾನದಲ್ಲಿ, ಇನ್ನೊಂದಕ್ಕೆ ಗೋಪುರದಲ್ಲಿ.

ಪರಿಹಾರ ನಡೆದ ಬಗೆ

ಮೊದಲ ದಿನಗಳಲ್ಲಿ ವಿಮಾನ ನಿಲ್ದಾಣಗಳ ಸುತ್ತಲಿನ ಕೆಲವು ಗೋಪುರಗಳನ್ನು ಆರಂಭಿಸದೆ ಬಿಟ್ಟರು, ಐವತ್ತು ನಿಲ್ದಾಣಗಳಿಗೆ ರಕ್ಷಣಾ ವಲಯ ಗುರುತಿಸಿದರು. ಆಲ್ಟಿಮೀಟರ್ ಮಾದರಿಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಅನೇಕವು ದಾಖಲೆಯಲ್ಲಿ ಹೇಳಿದ್ದಕ್ಕಿಂತ ಚೆನ್ನಾದ ಫಿಲ್ಟರ್ ಹೊಂದಿದ್ದವೆಂದು ಕಂಡುಬಂದು, ಕೆಲವೇ ವಾರಗಳಲ್ಲಿ ಬಹುಪಾಲು ದೊಡ್ಡ ವಿಮಾನಗಳಿಗೆ ಒಪ್ಪಿಗೆ ಸಿಕ್ಕಿತು. ಸೇವೆ ಆರಂಭವಾದದ್ದು 3.7ರಿಂದ 3.8 ಗಿಗಾಹರ್ಟ್ಸ್ ಭಾಗದಲ್ಲಿ ಎಂಬುದೂ ನೆರವಿಗೆ ಬಂತು. ನಮ್ಮ ಐದು ಅನುರಣಕಗಳ ಕಾಗದದ ಫಿಲ್ಟರ್ 3.8ರಲ್ಲಿ 80 ಡೆಸಿಬೆಲ್ ತಡೆಯುತ್ತದೆ.

ಉಳಿದವುಗಳಿಗೆ 2022ರ ಜೂನ್‌ನಲ್ಲಿ ಎಫ್‌ಎಎ ದಾರಿ ತೋರಿಸಿತು: ಹೆಚ್ಚು ಸೂಕ್ಷ್ಮವಾಗಿದ್ದ ಸಣ್ಣ ಪ್ರಾದೇಶಿಕ ವಿಮಾನಗಳಿಗೆ ವರ್ಷಾಂತ್ಯದೊಳಗೆ ಫಿಲ್ಟರ್ ಅಳವಡಿಸುವುದು, ಉಳಿದವು 2023ರ ಜುಲೈ ಹೊತ್ತಿಗೆ ಸಿದ್ಧವಾಗುವುದು, ಅಲ್ಲಿಯವರೆಗೆ ಕಂಪನಿಗಳು ನಿಲ್ದಾಣಗಳ ಬಳಿ ತಾಳ್ಮೆಯಿಂದಿರುವುದು. 2023ರ ಆದೇಶದಲ್ಲಿ ಕೊನೆಗೂ ಕಾಣೆಯಾಗಿದ್ದ ಸಾಲು ಬರವಣಿಗೆಗೆ ಬಂತು. ಯಾವ ಎತ್ತರದಲ್ಲಿ ಹೊರಗಿನ ಎಷ್ಟು ಶಕ್ತಿಯನ್ನು ಆಲ್ಟಿಮೀಟರ್ ತಾಳಬೇಕೆಂಬ ರೇಖೆಯನ್ನು ಎಳೆದು, ಅದನ್ನು ತಾಳುವಂತಹವುಗಳನ್ನಷ್ಟೇ "5ಜಿ ತಾಳಬಲ್ಲ" ವಿಮಾನಗಳೆಂದು ಗಣಿಸಲಾಯಿತು. 2024ರ ಫೆಬ್ರವರಿಯಿಂದ ಅಮೆರಿಕದಲ್ಲಿ ಹಾರುವ ನಿಗದಿತ ಪ್ರಯಾಣಿಕ ವಿಮಾನಗಳಿಗೆ ಇದು ಕಡ್ಡಾಯವಾಯಿತು.

ಭಾರತದಲ್ಲಿ 2022ರ ಹರಾಜಿನಲ್ಲಿ ಕೊಟ್ಟದ್ದು 3.3ರಿಂದ 3.67 ಗಿಗಾಹರ್ಟ್ಸ್. ಆಲ್ಟಿಮೀಟರಿಗೆ 530 ಮೆಗಾಹರ್ಟ್ಸ್ ದೂರ; ಅದೇ ಫಿಲ್ಟರ್ ಇಲ್ಲಿ ಲೆಕ್ಕದ ಪ್ರಕಾರ 91 ಡೆಸಿಬೆಲ್ ತಡೆಯುತ್ತದೆ, ಪೆಟ್ಟಿಗೆಯ ಸೋರಿಕೆಯಿಂದಾಗಿ ವಾಸ್ತವದಲ್ಲಿ ಅದಕ್ಕಿಂತ ಕಡಿಮೆ. ಆದರೂ ಹಳೆಯ ಆಲ್ಟಿಮೀಟರುಗಳು ಹಾರುತ್ತಿರುವವರೆಗೆ ಅಂತರ ಮಾತ್ರ ಸಾಲದು. ಆದುದರಿಂದ ದೂರಸಂಪರ್ಕ ಇಲಾಖೆ 2022ರ ನವೆಂಬರಿನಲ್ಲಿ ರನ್‌ವೇಯ ಎರಡೂ ತುದಿಗಳಿಂದ 2.1 ಕಿಲೋಮೀಟರ್ ಮತ್ತು ನಡುಗೆರೆಯಿಂದ 910 ಮೀಟರ್ ಒಳಗೆ ಈ ಪಟ್ಟಿಯ 5ಜಿ ಗೋಪುರ ಬೇಡವೆಂದು ಕಂಪನಿಗಳಿಗೆ ಸೂಚಿಸಿತು. ದೇವನಹಳ್ಳಿಯ ರನ್‌ವೇ ಪಕ್ಕದಲ್ಲಿ ಈ ಪಟ್ಟಿಯ ಗೋಪುರಕ್ಕೆ ಜಾಗ ಸಿಗದಿದ್ದುದರ ಹಿಂದೆ ಇದ್ದುದು ಇದೇ ಲೆಕ್ಕ. ಜಪಾನ್ ಇನ್ನೂ ಹತ್ತಿರಕ್ಕೆ, 4.1 ಗಿಗಾಹರ್ಟ್ಸ್‌ವರೆಗೆ 5ಜಿ ಬಳಸುತ್ತಿದೆ. ಅಲ್ಲಿ ಗೋಪುರಗಳ ಶಕ್ತಿ ಕಡಿಮೆ.

2025ರ ಫೆಬ್ರವರಿಯಲ್ಲಿ ಎಫ್‌ಸಿಸಿ 3.98ರಿಂದ 4.2 ಗಿಗಾಹರ್ಟ್ಸ್ ಭಾಗದ ಬಳಕೆಯ ಕುರಿತು ವಿಚಾರಣೆ ಆರಂಭಿಸಿತು. ಬಿಡುವಾಗಿ ಉಳಿದಿದ್ದ ಜಾಗವೇ ಈಗ ಮೇಜಿನ ಮೇಲಿದೆ. ಗೋಪುರಗಳು 4.1 ಗಿಗಾಹರ್ಟ್ಸ್‌ವರೆಗೆ ಬಂದವೆಂದು ಇಟ್ಟುಕೊಂಡು ಅದೇ ಲೆಕ್ಕವನ್ನು ಮತ್ತೆ ಮಾಡಿದರೆ, ಐದು ಅನುರಣಕಗಳ ಫಿಲ್ಟರಿನ ತಡೆ 59ರಿಂದ 36 ಡೆಸಿಬೆಲ್‌ಗೆ ಕುಸಿಯುತ್ತದೆ. ಅದನ್ನು ಮತ್ತೆ 59ಕ್ಕೆ ಏರಿಸಲು ಏಳು ಅನುರಣಕಗಳು ಬೇಕು. ಆಗ ಕ್ಯೂ 500 ಇರುವಲ್ಲಿ ನಷ್ಟ 2 ಡೆಸಿಬೆಲ್, ವಿಳಂಬ 8.7 ನ್ಯಾನೋಸೆಕೆಂಡ್, ಮತ್ತು ಆ ವಿಳಂಬವನ್ನು ಕಳೆಯದೆ ಬಿಟ್ಟರೆ ನೆಲದ ಮೇಲೆ ನಿಂತ ವಿಮಾನ ತೋರಿಸುವ ಎತ್ತರ ನಾಲ್ಕು ಅಡಿಗಿಂತ ಹೆಚ್ಚು.